ಕುಂದುಕೊರತೆ ಕೇಳಲು ಬಂದವರಿಗೆ ಕುಂದಾ

ಬಾಡಿಗೆದಾರರ ಪ್ರತಿನಿಧಿಯಾಗಿ ನಾನು ಅವಿರೋಧವಾಗಿ ಆಯ್ಕೆಯಾದೆ. ಇದನ್ನು ಬಹಳ ದಿನ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಆದರೆ ಅದೇ ಸಂಗತಿಯನ್ನು ನನ್ನ ಹೆಂಡತಿ ಕಸ್ತೂರಿ ಹೇಳುವ ರೀತಿ ಬೇರೆ.

"ಯಾರು ಪ್ರತಿನಿಧಿ ಆಗತೀರಿ ಅಂತ ಕೇಳಿದ ಕೂಡ್ಲೇ ಎಲ್ಲಾರೂ ಚಪ್ಪಲಿ ಹುಡುಕಾಕ ಎದ್ರು. ಇವರೊಬ್ರ ಕುಂತಿದ್ರು."

ಇರಲಿ. ಕುಳಿತವನೂ ಒಬ್ಬ ಬೇಕಲ್ಲ!

ನಾವಿದ್ದದ್ದು ವಡಗಾವಿಯ ಒಂದು ಓಣಿಯ ತುದಿಯಲ್ಲಿ, ಪಾಲಿಕೆಯವರು ಬಾಡಿಗೆಗೆ ಕೊಟ್ಟಿದ್ದ ಚಾಳಿನ ಮೇಲಂತಸ್ತಿನಲ್ಲಿ. ಸುತ್ತಲೂ ಹಗಲಿಡೀ ಮಗ್ಗದ ಸದ್ದು. ನಾನು ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಗುಮಾಸ್ತ. ಬೆಳಿಗ್ಗೆ ಬಸ್ಸು ಹಿಡಿದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಚಾಳಿನಲ್ಲಿ ಎಲ್ಲ ಇತ್ತು, ನೀರೊಂದಿರಲಿಲ್ಲ. ಓಣಿಯ ಬಾಯಲ್ಲಿ ಒಂದೇ ನಳ. ಹೆಂಗಸರು ಅಲ್ಲಿ ಪಾಳಿ ಹಚ್ಚಿ, ಕೊಡ ತುಂಬಿಕೊಂಡು, ಕಡಿದಾದ ಮೆಟ್ಟಿಲು ಹತ್ತಿ ಮೇಲೆ ತರಬೇಕಿತ್ತು.

ಹೊಸ ಶತಮಾನ ಬಂತೆಂದು ಎಲ್ಲರೂ ಕುಣಿದು ಸುಸ್ತಾದ ಮೇಲೆ ಪಾಲಿಕೆಯಲ್ಲಿ ಒಂದು ಜನಕ್ಷೇಮ ಯೋಜನೆ ತಯಾರಾಯಿತು. ಯೋಜನೆ ಕಾಗದದ ಮೇಲೆ ಚೆನ್ನಾಗಿದ್ದರೆ ಸಾಲದು, ಬಾಡಿಗೆದಾರರೂ ಅದರಲ್ಲಿ ಪಾಲ್ಗೊಳ್ಳಬೇಕು ಎಂದು ಸದಸ್ಯರು ಪಟ್ಟು ಹಿಡಿದು, ಒಂದು ಪರಿಶೀಲನಾ ಸಮಿತಿ ಮಾಡಿದರು. ನಮ್ಮ ಭಾಗಕ್ಕೆ ಮಂಜೂರಾಗುವುದು ಒಂದೇ ನೀರಿನ ಟಾಕಿ. ಅದು ನಮ್ಮ ಚಾಳಿಗೋ ಆಚೆ ಓಣಿಯ ಚಾಳಿಗೋ ಎಂಬುದನ್ನು ಸಮಿತಿ ಖುದ್ದಾಗಿ ಬಂದು, ನೋಡಿ, ಕೇಳಿ ನಿರ್ಧರಿಸುವುದು ಎಂದಾಯಿತು.

ಸಮಿತಿ ಬರುವ ದಿನ ಗೊತ್ತಾದ ಕೂಡಲೇ ನಾನು ಚಾಳಿನವರನ್ನೆಲ್ಲ ಕೂಡಿಸಿದೆ.

"ದೊಡ್ಡ ಮಂದಿ ನಮ್ಮ ಬಾಗಿಲಿಗೆ ಬರಾಕತ್ತಾರ. ಬೀಗರು ಬಂದಂಗ ತಿಳೀರಿ. ಚಾಳಿನ ಮರ್ಯಾದಿ ಪ್ರಶ್ನೆ ಐತಿ!"

"ಬೀಗರ ಮುಂದ ಹುಳುಕು ಮುಚ್ಚತಾರ್ರಿ. ಇವರ ಮುಂದ ತೆರದ ತೋರಸಬೇಕಲ್ಲ?" ಎಂದಳು ಕಸ್ತೂರಿ.

"ಅದನ್ನ ನಾ ಬಾಯಿಲೆ ಹೇಳತೀನಿ. ಅದಕ್ಕ ಪ್ರತಿನಿಧಿ ಇರೂದು."

ಮರುದಿನ ಖಾನಾಪುರದ ರೈಲು ಹತ್ತಿದೆ. ಅಲ್ಲೇ ಹತ್ತಿರದ ಹಳ್ಳಿಯಲ್ಲಿ ನಮ್ಮಣ್ಣ ಎಮ್ಮೆ ಕಟ್ಟಿಕೊಂಡಿದ್ದಾನೆ. ಸಮಿತಿಯವರ ಬಾಯಿ ಸಿಹಿ ಮಾಡಲು ಕುಂದಾ ಮಾಡಿಸಬೇಕು, ಹಾಲು ಕೊಡು ಎಂದೆ. ಯಾಕೆ, ಏನು ಎಂದು ಎಲ್ಲ ಕೇಳಿಕೊಂಡ ಅಣ್ಣ ಹಾಲು ಸುರಿಯುತ್ತಲೇ ಹೇಳಿದ:

"ಎಮ್ಮಿಗೆ ಜಡ್ಡಾಗೇತಿ ಅಂತ ಡಾಕ್ಟರನ್ನ ಕರಸೂದು, ಅಂವ ಬರೂದ್ರಾಗ ಕೋಡಿಗೆ ಎಣ್ಣಿ ಹಚ್ಚಿ ಮಿಂಚಸೂದು. ಅಂವ ಏನ್ ನೋಡಿ ಔಷಧ ಕೊಡಬೇಕೋ ತಮ್ಮಾ?"

ಅಣ್ಣನಿಗೆ ನಗರಾಡಳಿತದ ಸೂಕ್ಷ್ಮ ತಿಳಿಯದು ಎಂದುಕೊಂಡು ಕ್ಯಾನು ಎತ್ತಿಕೊಂಡು ಬಂದೆ.

ಅಂಗಳ ತೊಳೆಯಲು ನೀರು ಬೇಕಿತ್ತು. ಆಟೋ ನಗರದಲ್ಲಿ ಗ್ಯಾರೇಜು ಇಟ್ಟಿದ್ದ ಗೆಳೆಯ ಮಾರುತಿಗೆ ಹೇಳಿದೆ. ಅವನ ಹತ್ತಿರ ರಿಪೇರಿಗೆ ಬಂದ ಟ್ಯಾಂಕರ್ ಒಂದಿತ್ತು. ಅದರ ಮಾಲಕನನ್ನು ಒಪ್ಪಿಸಿ, ಸಮಿತಿ ಬರುವ ದಿನ ಬೆಳಿಗ್ಗೆಯೇ ನೀರು ತುಂಬಿಸಿ ಕಳಿಸಿದ. ಅಂಗಳ ತೊಳೆದೆವು. ಗಟಾರು ತೊಳೆದೆವು. ಪ್ರತಿ ಬಾಗಿಲಲ್ಲಿ ರಂಗೋಲಿ. ಉಳಿದ ನೀರನ್ನು ಇದ್ದಬದ್ದ ಪೀಪಾಯಿಗಳಿಗೆಲ್ಲ ಕಂಠಮಟ್ಟ ತುಂಬಿಸಿದೆವು. ನಳದ ಮುಂದೆ ಸಾಲಾಗಿ ಕುಳಿತಿದ್ದ ಖಾಲಿ ಕೊಡಗಳು ಮಾತ್ರ ನೋಟಕ್ಕೆ ಚೆನ್ನಾಗಿರಲಿಲ್ಲ. ಅವನ್ನು ತಂದು ಅನಸೂಯಾ ಮೌಶಿಯ ಕೋಣೆಯಲ್ಲಿ ತುಂಬಿ ಬಾಗಿಲು ಹಾಕಿದೆ.

ಚಾಳಿಗೆಲ್ಲ ಮೌಶಿ, ಅಂದರೆ ಚಿಕ್ಕಮ್ಮನಾದ ಅವರು ನಮ್ಮ ಪಕ್ಕದ ಕೋಣೆಯವರು. ಖಾನಾಪುರದ ಕಡೆಯ ವಿಧವೆ, ಒಬ್ಬರೇ ಇದ್ದರು. ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಪ್ರೀತಿ.

"ಅರೇ, ನಾ ಎಲ್ಲಿ ಕುಂದರ್ಲೋ?" ಎಂದರು.

"ಇವತ್ತೊಂದಿನ ಹೊರಗ ಕುಂದರ್ರಿ ಮೌಶಿ."

ಸಮಿತಿ ಬಂತು. ಅಧ್ಯಕ್ಷೆಯಾಗಿದ್ದವರು ಹಿರಿಯ ಸದಸ್ಯೆ, ಮಾತು ಕಡಿಮೆ, ಕಣ್ಣು ಚುರುಕು. ತೊಳೆದ ಅಂಗಳ ನೋಡಿದರು. ತುಂಬಿದ ಪೀಪಾಯಿ ನೋಡಿದರು. ಹೊರಗೆ ಕುಳಿತಿದ್ದ ಮೌಶಿಯನ್ನೇ ಮೊದಲು ಕೇಳಿದರು.

"ಏನ್ ತ್ರಾಸ ಐತ್ರಿ ಅಜ್ಜಿ ಇಲ್ಲಿ?"

"ಕಾಯ ಸಾಂಗೂ ಬಾಯಿ, ಏನಂತ ಹೇಳ್ಲಿ..." ಎಂದು ಮೌಶಿ ಬಾಯಿ ತೆರೆದರು. ನಾನು ನಡುವೆ ನುಗ್ಗಿದೆ. ಪ್ರತಿನಿಧಿ ಇರುವಾಗ ಜನ ಮಾತಾಡುವುದೆಂದರೇನು!

ನನ್ನ ಭಾಷಣಕ್ಕೆ ಒಂದು ಕ್ರಮವಿತ್ತು. ಮೊದಲು ವಂದನೆ, ಆಮೇಲೆ ಸ್ತುತಿ, ಕೊನೆಗೆ ಬೇಡಿಕೆ.

"ಮಾನ್ಯರೇ, ತಮ್ಮ ಕೃಪಾಛತ್ರದ ಅಡಿಯಲ್ಲಿ ಈ ಚಾಳಿನ ಸಮಸ್ತ ಬಾಡಿಗೆದಾರರು ಯಾವ ಕೊರತೆಯೂ ಇಲ್ಲದೆ ಸುಖವಾಗಿದ್ದೇವೆ..."

ಸಮಿತಿಯ ಗುಮಾಸ್ತ ಅದನ್ನು ಬರೆದುಕೊಂಡ. ಅಷ್ಟರಲ್ಲಿ ಕುಂದಾ ಬಂತು. ಹಿಂದಿನಿಂದಲೇ ಚಹಾ. ಒಬ್ಬ ಸದಸ್ಯರು ಎರಡನೆಯ ಸಲ ಹಾಕಿಸಿಕೊಂಡು, ಪೀಪಾಯಿಯಿಂದ ಧಾರಾಳವಾಗಿ ಮೊಗೆದು ಕೈ ತೊಳೆದರು.

"ಇಷ್ಟ ನೀರ ನಮ್ಮ ಮನಿಯಾಗೂ ಇರೂದಿಲ್ಲ ನೋಡ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಅವರು ಜೀಪು ಹತ್ತಿ ಆಚೆ ಓಣಿಗೆ ಹೋದರು. ನನ್ನ ಬೇಡಿಕೆ ಗಂಟಲಲ್ಲೇ ಉಳಿಯಿತು!

ಕೆಲವು ದಿನಗಳಾದ ಮೇಲೆ ವರದಿಯ ಸಾರಾಂಶ ಬಂತು. ನಮ್ಮ ಚಾಳಿನವರು ಸಂತೃಪ್ತರು. ಟಾಕಿಯ ಅಗತ್ಯ ಕಾಣುವುದಿಲ್ಲ. ಇಷ್ಟು ಪ್ರಶಾಂತವಾದ ಅಂಗಳದಲ್ಲಿ ಕೂರಲು ಒಂದು ಕಲ್ಲುಬೆಂಚು ಹಾಕಿಸಬಹುದು. ಆಕ್ಷೇಪಣೆ ಇದ್ದವರು ಸಮಿತಿಯ ಸಭೆಗೆ ಬಂದು ಹೇಳಬಹುದು.

ಆ ಸಂಜೆ ಚಾಳಿನಲ್ಲಿ ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಂಗಸರು ಕೊಡ ಹೊತ್ತು ನನ್ನ ಮುಂದೆಯೇ ಮೆಟ್ಟಿಲು ಹತ್ತಿದರು, ಅಷ್ಟೇ.

"ಕುಂದುಕೊರತಿ ಕೇಳಾಕ ಬಂದವರಿಗೆ ಕುಂದಾ ತಿನಿಸಿ ಕಳಿಸಿದ್ರಿ," ಎಂದಳು ಕಸ್ತೂರಿ. "ನಮಗ ಕೊರತಿ ಅಷ್ಟ ಉಳೀತು."

ಸಭೆಯ ದಿನ ರಜೆ ಹಾಕಿ, ಮದುವೆಯ ಕೋಟು ತೊಟ್ಟು ಹೊರಟೆ. ಕೋಟಿನ ಗುಂಡಿ ಹಾಕಲು ಬರಲಿಲ್ಲ. ಉಸಿರು ಬಿಗಿಹಿಡಿದು ಹಾಕಿದೆ. ಕಸ್ತೂರಿ, ಮೌಶಿ ಮತ್ತು ಚಾಳಿನ ಹೆಂಗಸರು ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು. ಈ ಸಲ ಸ್ತುತಿ ಬಿಟ್ಟು ನೇರವಾಗಿ ವಿಷಯಕ್ಕೇ ಬಂದೆ.

"ಮಾನ್ಯರೇ, ತಾವು ಅಂದು ನೋಡಿದ್ದು ಸುಳ್ಳು ನೀರು!"

ಸಮಿತಿಯ ಗುಮಾಸ್ತ ಬರೆಯುವುದನ್ನು ಬಿಟ್ಟು ತಲೆ ಎತ್ತಿದ.

"ಸುಳ್ಳು ನೀರು ಅಂದ್ರ?" ಅಧ್ಯಕ್ಷೆ ಕೇಳಿದರು. "ಇವರು ಅದರಾಗ ಕೈ ತೊಳಕೊಂಡಾರಲ್ಲ?"

"ನೀರು ಖರೇನ ರೀ. ಆದ್ರ ನಮ್ಮದಲ್ಲ. ಟ್ಯಾಂಕರಿಂದು."

"ಅಂದ್ರ ಸಮಿತಿಗೆ ಮೋಸ ಮಾಡಿದ್ರಿ?"

"ಮೋಸ ಅಲ್ರೀ... ಮರ್ಯಾದಿ!"

ಸಭೆಯೇ ನಕ್ಕಿತು. ಕೋಟಿನ ಗುಂಡಿ ಇದೇ ಸಮಯ ಎಂದು ಕಿತ್ತುಹೋಯಿತು.

ಅಧ್ಯಕ್ಷೆ ನಗಲಿಲ್ಲ. "ಆತು. ನಳದ ನೀರು ಯಾವಾಗ ಬರತೈತಿ ಹೇಳ್ರಿ."

ನಾನು ಬಾಯಿ ತೆರೆದೆ. ಯಾವಾಗ ಬರುತ್ತದೆ? ನಾನು ಏಳುವಾಗ ಹಂಡೆ ತುಂಬಿರುತ್ತಿತ್ತು. ಮಿಂದು ಹೋಗುತ್ತಿದ್ದೆ. ತಿರುಗಿ ಬಂದಾಗಲೂ ತುಂಬಿರುತ್ತಿತ್ತು.

"ಮುಂಜಾನಿ..." ಎಂದೆ.

"ಮುಂಜಾನಿ ಅಲ್ರೀ ಬಾಯಾರ," ಹಿಂದಿನಿಂದ ಕಸ್ತೂರಿಯ ದನಿ ಬಂತು. "ಯಾವಾಗ ಬರಬೇಕಂತ ನಳಕ್ಕೂ ಗೊತ್ತಿಲ್ಲ. ಒಮ್ಮೊಮ್ಮೆ ನಟ್ಟನಡು ಮಧ್ಯಾಹ್ನ. ಅಡಿಗಿ ಬಿಟ್ಟು ಓಡಬೇಕು."

"ಮುಂದ ಬರ್ರಿ ನೀವು. ಆ ಅಜ್ಜೀನೂ ಬರ್ಲಿ. ಅವತ್ತ ಏನೋ ಹೇಳಾಕ ಹೊಂಟಿದ್ರಲ್ಲ."

ಮೌಶಿ ಮುಂದೆ ಬಂದು ತಮ್ಮ ಬಲಗೈ ಚಾಚಿದರು. ಮಣಿಕಟ್ಟು ಸೊಟ್ಟಗಿತ್ತು.

"ಬಾಯಿ, ಮಳಿಗಾಲದಾಗ ಕೊಡ ಹೊತ್ತು ಏರಾಕತ್ತಿದ್ದೆ. ಪಾವಟಿಗಿ ಮ್ಯಾಲ ಜಾರಿ ಬಿದ್ನಿ. ಎಲುಬು ಹಂಗ ಕೂಡೇತಿ. ಈಗ ತಂಬಗಿ ಅಷ್ಟ ತರತೀನಿ. ಈ ಪೋರಿಗೋಳು ಅರ್ಧರ್ಧ ಕೊಡ ಕೊಡತಾವ, ಚಾಂಗಲಿ, ಛಲೋ ಪೋರಿಗೋಳು."

ಮೌಶಿಯ ಕೈಗೆ ಪಟ್ಟಿ ಕಟ್ಟಿದ್ದನ್ನು ನಾನೂ ನೋಡಿದ್ದೆ. ಏನಾಯಿತು ಮೌಶಿ ಎಂದು ಕೇಳಿದ್ದೆ. ಬಿದ್ದೆ ಎಂದಿದ್ದರು. ಎಲ್ಲಿ ಎಂದು ಕೇಳುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಗಿತ್ತು. ಹಿಡಿಯಲು ಗುಂಡಿಯಿಲ್ಲದ ಕೋಟನ್ನು ಎರಡೂ ಕೈಯಿಂದ ಹಿಡಿದುಕೊಂಡು ಪಕ್ಕಕ್ಕೆ ಸರಿದೆ.

ಸಮಿತಿ ಇನ್ನೊಮ್ಮೆ ಬಂತು, ಈ ಸಲ ಹೇಳದೆ ಕೇಳದೆ. ನಾನು ಮಚ್ಛೆಯಲ್ಲಿದ್ದೆ. ಪಾಳಿ ನೋಡಿದರು. ಅಧ್ಯಕ್ಷೆ ತಾವೇ ಒಂದು ಕೊಡ ಹೊತ್ತು ಮೆಟ್ಟಿಲು ಹತ್ತಲು ಹೋಗಿ, ಅರ್ಧಕ್ಕೆ ಇಳಿಸಿ ಕುಳಿತರಂತೆ. ಟಾಕಿ ನಮ್ಮ ಅಂಗಳಕ್ಕೆ ಮಂಜೂರಾಯಿತು. ಆಚೆ ಓಣಿಯವರ ಅರ್ಜಿಯನ್ನೂ ಕೈಬಿಡಲಿಲ್ಲ, ಮುಂದಿನ ವರ್ಷಕ್ಕೆ ಅವರಿಗೂ ಎಂದು ಬರೆದರು.

ಜೊತೆಗೆ ಇನ್ನೊಂದು ಶಿಫಾರಸು: ನೀರಿನ ವಿಷಯದಲ್ಲಿ ಪ್ರತಿನಿಧಿಯಾಗುವವರು ನೀರು ಹೊರುವವರೇ ಆಗಿರತಕ್ಕದ್ದು! ಹೀಗೆ ನಾನು ಅವಿರೋಧವಾಗಿಯೇ ಇಳಿದೆ. ಕಸ್ತೂರಿ ಆಯ್ಕೆಯಾದಳು. ಆ ದಿನ ಯಾರೂ ಚಪ್ಪಲಿ ಹುಡುಕಲಿಲ್ಲ.

ಟಾಕಿ ಕಟ್ಟಿ, ಅಂಗಳದಲ್ಲೇ ನಳ ಹಾಕಿದರು. ಮೇಲೆ ಏರಿಸುವ ಪೈಪು ಇನ್ನೂ ಬರಬೇಕಿತ್ತು. ಒಂದು ಭಾನುವಾರ, ಮುಂದೆ ಎಂದಾದರೂ ಬೇಕಾದೀತು ಈ ಅರ್ಹತೆ ಎಂದು ನಾನೂ ಕೊಡ ಹಿಡಿದು ಇಳಿದೆ. ತುಂಬುವವರೆಗೆ ಎಲ್ಲ ಸರಿಯಿತ್ತು. ಹೆಗಲಿಗೆ ಏರಿಸಿ ಮೆಟ್ಟಿಲು ಹತ್ತತೊಡಗಿದ ಮೇಲೆ ಕೊಡಕ್ಕೂ ನನಗೂ ಅಭಿಪ್ರಾಯಭೇದ ಬಂತು. ನಾನು ಎಡಕ್ಕೆಂದರೆ ಅದು ಬಲಕ್ಕೆ. ಮೇಲೆ ತಲುಪಿದಾಗ ಅರ್ಧ ನೀರು ಕೊಡದಲ್ಲಿ, ಕಾಲು ಭಾಗ ನನ್ನ ಮೈಮೇಲೆ, ಉಳಿದದ್ದು ಮೆಟ್ಟಿಲ ಮೇಲೆ.

ಕಸ್ತೂರಿ ಕೊಡದೊಳಗೆ ಇಣುಕಿದಳು. ಒಳಗೆ ಹೋಗಿ ಒಂದು ಹಳೆಯ ಬಟ್ಟೆ ತಂದು ನನ್ನ ಕೈಗಿಟ್ಟಳು.

"ಮೊದಲ ಆ ಪಾವಟಿಗಿ ಒರಸ್ರಿ. ಮತ್ತ ಯಾರರ ಬಿದ್ದಾರು."

ಬಾಡಿಗೆದಾರರ ಪಾಲ್ಗೊಳ್ಳುವಿಕೆ ಎನ್ನುತ್ತಾರಲ್ಲ, ಅದರಲ್ಲಿ ನನ್ನ ಪಾಲಿಗೆ ಬಂದದ್ದು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿನವರೆಗೆ. ಕುಕ್ಕರುಗಾಲಲ್ಲಿ ಕುಳಿತು ಒರೆಸಿದೆ. ಅದನ್ನೂ ಸರಿಯಾಗಿ ಒರೆಸಿಲ್ಲವೆಂದು ಆಮೇಲೆ ಕಸ್ತೂರಿ ಇನ್ನೊಮ್ಮೆ ಒರೆಸುವುದು ಕಂಡಾಗ ಗೊತ್ತಾಯಿತು!