ಅವ್ವನನ್ನು ಮಾತೆ ಮಾಡಿದ ಪ್ರಸಂಗ

ಕೈಯಲ್ಲಿ ಕೆಂಪು ಇಂಕಿನ ಪೆನ್ನಿದ್ದರೆ, ತಪ್ಪು ಕನ್ನಡವೆಂಬ ಶತ್ರು ಈ ಭೂಮಂಡಲದಲ್ಲಿ ಉಳಿಯಲಾರದು ಎಂದು ಕನ್ನಡ ಮೇಷ್ಟ್ರಾದ ನಾನು ನಂಬಿದ್ದೆ. ಆದ್ದರಿಂದ ಚನ್ನಪಟ್ಟಣದ ನಮ್ಮ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ಕವಯಿತ್ರಿ ಪುಟ್ಟಲಕ್ಷ್ಮಮ್ಮನವರನ್ನು ಕರೆದು, ಅವರ ಕವಿತೆಯನ್ನು ಆಮಂತ್ರಣದಲ್ಲಿ ಅಚ್ಚು ಹಾಕಿಸುವ ಹೊಣೆ ನನಗೆ ವಹಿಸಿದಾಗ, ಯೋಗ್ಯನನ್ನೇ ಆರಿಸಿದ್ದಾರೆ ಎಂದುಕೊಂಡೆ.

ಪುಟ್ಟಲಕ್ಷ್ಮಮ್ಮ ಕೂಟಗಲ್ಲಿನವರು, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಅಂಥವರ ಕವಿತೆ ಶುರುವಾದದ್ದು ಹೀಗೆ:

‘ಒಸಿ ತಡಿ ಕಣವ್ವ, ಬತ್ತೀನಿ
ಒಲೆ ಮ್ಯಾಗೆ ಹಾಲೈತೆ...’

ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಪಾಪ, ಅವಸರದಲ್ಲಿ ಬರೆದಿರಬೇಕು! ಉಪಕಾರವಾಗಲೆಂದು ತಿದ್ದಿದೆ:

‘ಕಿಂಚಿತ್ ನಿರೀಕ್ಷಿಸು ಮಾತೆಯೇ, ಆಗಮಿಸುವೆನು
ಒಲೆಯ ಮೇಲೆ ಕ್ಷೀರವಿರುವುದು...’

ಹೆಂಡತಿಗೆ ಓದಿ ಹೇಳಿದೆ.

“ಪದ್ಯಾನೇನ್ರೀ ಇದು? ರೈಲು ತಡ ಆಯ್ತದೆ ಅಂತ ಸ್ಟೇಷನ್ನಲ್ಲಿ ಕೂಗ್ದಂಗೈತೆ. ಅವ್ರನ್ನ ಒಂದ್ ಮಾತು ಕೇಳಿದ್ರಾ?”

ಉಪಕಾರ ಮಾಡುವವನು ಅನುಮತಿ ಕೇಳುತ್ತಾನೆಯೇ? ಕೇಳಲಿಲ್ಲ! ಅಚ್ಚಾಯಿತು. ಅವರ ಪ್ರತಿಯನ್ನು ಮಾತ್ರ ಸಭೆಯಲ್ಲೇ ಕೊಟ್ಟು ಅಚ್ಚರಿಪಡಿಸೋಣವೆಂದು ಇಟ್ಟುಕೊಂಡೆ. ಸಾಲದೆಂದು ವೇದಿಕೆಯ ಬ್ಯಾನರಿನಲ್ಲೂ ಬರೆಸಿದೆ. ಅದೂ ಸಾಲದೆಂದು ಸಂಗೀತದ ಟೀಚರಿಗೆ ಕೊಟ್ಟು ಹಾಡು ಮಾಡಿಸಿದೆ.

ಆ ದಿನ ನಮ್ಮ ಶಾಲೆಯ ಹುಡುಗಿಯರು ‘ಕಿಂಚಿತ್’ ಎಂದು ಎತ್ತಿಕೊಂಡರು. ‘ನಿರೀಕ್ಷಿಸು’ ಬಳಿ ತಾಳ ತಪ್ಪಿತು. ‘ಕ್ಷೀರ’ದಲ್ಲಿ ಒಬ್ಬಳು ಕಿಸಕ್ಕೆಂದಳು. ಹಾಡು ಹಾಲಿನಂತೆ ಒಡೆದುಹೋಯಿತು!

ಪಕ್ಕದಲ್ಲಿ ಕೂತಿದ್ದ ಪುಟ್ಟಲಕ್ಷ್ಮಮ್ಮ ನನ್ನತ್ತ ಬಾಗಿದರು. “ಇದ್ಯಾರು ಬರ್ದಿದ್ದು ಮೇಷ್ಟ್ರೇ?”

ನಾನು ಬ್ಯಾನರಿನತ್ತ ಬೆರಳು ತೋರಿಸಿದೆ. ಪದ್ಯದ ಕೆಳಗೆ ಅವರದೇ ಹೆಸರು! ಓದಿದರು. ನೆಲ ಬಾಯಿಬಿಡಲಿ ಎಂದು ನಾನು ಕಾದೆ. ಗಟ್ಟಿ ಸಿಮೆಂಟಿನ ನೆಲ, ಬಿಡಲಿಲ್ಲ.

ಅವರು ಸಿಟ್ಟಾಗಲಿಲ್ಲ. ಮೈಕಿನ ಮುಂದೆ ನಿಂತು ತಮ್ಮದೇ ಮಾತಿನಲ್ಲಿ ಕವಿತೆ ಹೇಳಿದರು. ಹಾಸಿಗೆ ಹಿಡಿದ ಅವ್ವ ಕರೆಯುತ್ತಾಳೆ. ‘ಒಸಿ ತಡಿ’ ಎನ್ನುತ್ತಾಳೆ ಮಗಳು. ಹಾಲು ಉಕ್ಕಿ ಇಳಿಸುವಷ್ಟರಲ್ಲಿ ಕರೆ ನಿಂತಿರುತ್ತದೆ. ಅಷ್ಟೇ ಕವಿತೆ. ಸಾಲು ಸಾಲನ್ನೂ ತಿದ್ದಿದ್ದ ನನಗೆ ಅದು ಅರ್ಥವಾದದ್ದೇ ಆಗ.

“ಬ್ಯಾಂಕ್‌ನಾಗೆ ಏನೇನೋ ಭಾಷೆ ಆಡಿವ್ನಿ” ಎಂದರು. “ಆದ್ರೆ ನಮ್ಮವ್ವ ನನ್ನ ಕರೀತಿದ್ದಿದ್ದು ಈ ಮಾತ್ನಾಗೆ. ಸಾಯೋಗಂಟ ಅವ್ಳು ಮಾತೆ ಆಗ್ನಿಲ್ಲ, ಅವ್ವನಾಗೇ ಇದ್ಲು. ನಾನು ಬ್ಯಾರೆ ಮಾತ್ನಾಗೆ ಬರುದ್ರೆ, ‘ಯಾರವ್ವ ನೀನು?’ ಅಂದ್ಬುಡ್ತಾಳೆ!”

ಜನ ನಕ್ಕರು, ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಎಂಥ ಹೆಂಗಸು! ತಿದ್ದಿದವನ ಹೆಸರೆತ್ತದೆ ನನ್ನ ಮಾನವನ್ನೂ ಉಳಿಸಿದರು, ತಮ್ಮ ಅವ್ವನನ್ನೂ ವಾಪಸ್ ಕರೆದುಕೊಂಡರು.

ಕೊನೆಗೆ ವಂದನಾರ್ಪಣೆಗೆ ನನ್ನನ್ನೇ ಕೂಗಿದರು. ಬರೆದು ತಂದ ಹಾಳೆಯ ತುಂಬ ‘ಹೃತ್ಪೂರ್ವಕ’ಗಳು, ನಾಲಿಗೆ ಹೊರಳಲಿಲ್ಲ. “ಎಲ್ರೂ ಬಂದಿದ್ದು ಭಾಳ ಸಂತೋಸ. ಉಪ್ಪಿಟ್ಟು ಬಿಸಿ ಐತೆ, ತಿನ್ಕಂಡೋಗ್ರಪ್ಪ” ಎಂದುಬಿಟ್ಟೆ.

ಚಪ್ಪಾಳೆಯೋ ಚಪ್ಪಾಳೆ! ಜೀವಮಾನದಲ್ಲೇ ನನಗೆ ಅಷ್ಟು ಬಿದ್ದಿರಲಿಲ್ಲ. ಅಂತೂ ನನಗೂ ನನ್ನತನ ಸಿಕ್ಕಿತೆಂದು ಬೀಗುತ್ತ ಕೆಳಗಿಳಿದೆ.

“ಒಸಿ ಎದೆ ಇಳಿಸ್ರಿ” ಎಂದಳು ಹೆಂಡತಿ. “ಚಪ್ಪಾಳೆ ಹೊಡ್ದಿದ್ದು ಉಪ್ಪಿಟ್ಟಿಗೆ!”