ಹೆಲ್ಮೆಟ್ಟಿನೊಳಗಿನ ಕಣ್ಣು

ಹೆದರುವವರಲ್ಲಿ ಎರಡು ಬಗೆ. ತೋಟದಲ್ಲಿ ನಡೆಯುವಾಗ ಹಾವಿಗೆ ಹೆದರಿ ನೆಲ ನೋಡುವವರು ಒಂದು ಬಗೆ. ತಲೆಯ ಮೇಲೆ ಕಾಯಿ ಬಿದ್ದೀತೆಂದು ಮೇಲೆ ನೋಡುವವರು ಇನ್ನೊಂದು. ನಾನು ಎರಡನ್ನೂ ನೋಡುತ್ತೇನೆ. ಹಾಗಾಗಿ ಎದುರಿಗಿದ್ದ ಮರಕ್ಕೆ ಹಣೆ ಹೊಡೆದುಕೊಂಡ ಗುರುತು ಇನ್ನೂ ಇದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಇದು ತಕ್ಕ ಸ್ವಭಾವವಲ್ಲವೆಂದು ನನಗೂ ಗೊತ್ತು. ಇನ್ನು ಬೆಂಕಿಯ ವಿಷಯ ಕೇಳಲೇಬೇಡಿ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಗ್ಯಾಸ್ ಒಲೆ ಹಚ್ಚಿದವನಲ್ಲ. ಹೆಂಡತಿ ಗಿರಿಜ ತವರಿಗೆ ಹೋದ ದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲೇ ನನ್ನ ಟೀ. ಇಂಥವನು ನಲವತ್ತೆರಡನೆಯ ವಯಸ್ಸಿನಲ್ಲಿ ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ ವೆಲ್ಡಿಂಗ್ ಕಲಿಯಲು ತಿಪಟೂರಿನ ತರಬೇತಿ ಕೇಂದ್ರಕ್ಕೆ ಹೊರಟೆನೆಂದರೆ ಅದಕ್ಕೂ ಹೆದರಿಕೆಯೇ ಕಾರಣ.

ಗೇಟು, ಗ್ರಿಲ್ಲು ಮಾಡುವ ಅಂಗಡಿಯೊಂದರಲ್ಲಿ ಬಣ್ಣ ಬಳಿಯುವುದು ನನ್ನ ಕೆಲಸವಾಗಿತ್ತು. ಈಗ ಎಲ್ಲರಿಗೂ ಹೊಳೆಯುವ ಸ್ಟೀಲಿನ ಗೇಟೇ ಬೇಕು, ಅದಕ್ಕೆ ಬಣ್ಣ ಬೇಡ. ಮಾಲೀಕರು ಒಂದು ದಿನ ಮೆತ್ತಗೆ, “ವೆಲ್ಡಿಂಗ್ ಕಲ್ತ್ಕಂಡು ಬಾರಪ್ಪ, ಕೆಲಸ ಐತೆ. ಇಲ್ದಿದ್ರೆ ನಂಗೂ ಕಷ್ಟ ಕಣಪ್ಪ” ಎಂದರು. ಕೆಲಸ ಹೋದೀತೆಂಬ ಭಯ ಬೆಂಕಿಯ ಭಯಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಾಯಿತು, ಅಷ್ಟೇ.

ಆದರೆ ವೆಲ್ಡಿಂಗಿನಲ್ಲಿ ನನ್ನಂಥವನಿಗೆ ಒಂದು ಅನುಕೂಲವಿದೆ. ಮುಖ ಮುಚ್ಚುವ ಹೆಲ್ಮೆಟ್ ಕೊಡುತ್ತಾರೆ. ಅದರ ಕರಿಗಾಜಿನ ಹಿಂದೆ ಕಣ್ಣು ಬಿಟ್ಟಿದೆಯೋ ಮುಚ್ಚಿದೆಯೋ ದೇವರಿಗೇ ಗೊತ್ತು. ಮೊದಲ ವಾರವೆಲ್ಲ ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಬೆಸುಗೆ ಹಾಕಿದೆ. ಕಲಿಸುವವರು ಕೆಂಕೆರೆಯ ರೇಣುಕಾ ಮೇಡಂ, ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ಬೆಸೆದ ತಗಡನ್ನು ತಿರುಗಿಸಿ ತಿರುಗಿಸಿ ನೋಡಿ, “ಅಣ್ಣಾ, ಜಾಯಿಂಟು ಇಲ್ಲೈತೆ, ನೀವು ಅತ್ಲಾಗೆ ಹೋಗಿದೀರಿ. ಕಣ್ಣು ಮುಚ್ಕಂಡಿದ್ರಾ?” ಎಂದರು. ಕಣ್ಣಿಗೆ ಬೆವರು ಇಳಿಯಿತು ಮೇಡಂ ಎಂದೆ. ಅವರು ನಂಬಲಿಲ್ಲ. “ಸ್ಟೀಲು ಎಷ್ಟೋ ವಾಸಿ, ಕೆಂಪಗಾಗಿ ಮೊದ್ಲೇ ಹೇಳ್ತದೆ. ಅಲ್ಯೂಮಿನಿಯಂ ಬಣ್ಣನೇ ಬದಲಾಯಿಸಲ್ಲ. ಬೆಳ್ಳಗೆ ಇದ್ದಂಗೇ ಇದ್ದು ದಬಕ್ಕನೆ ತೂತು ಬೀಳ್ತದೆ. ಕಣ್ಣು ಬಿಟ್ಕಂಡು ಮಾಡಿ.” ಆ ಮಾತು ಕೇಳಿದ ಮೇಲೆ ಅಲ್ಯೂಮಿನಿಯಂ ಬಾಣಲೆಯಲ್ಲಿ ಮಾಡಿದ ಉಪ್ಪಿಟ್ಟನ್ನೂ ನಾನು ಅನುಮಾನದಿಂದ ನೋಡತೊಡಗಿದೆ.

ಕೊನೆಯ ಪರೀಕ್ಷೆಗೆ ಮನೆಯಿಂದಲೇ ಒಂದು ಒಡೆದ ಸಾಮಾನು ತಂದು ಸರಿಮಾಡಬೇಕು. ನಾನು ಯಾರಿಗೂ ಬೇಡವಾದ ಒಂದು ಹಳೆಯ ತಟ್ಟೆ ಹುಡುಕುತ್ತಿದ್ದೆ. ಗಿರಿಜ ನಮ್ಮೂರಿನ ಮಹಿಳಾ ಡೈರಿಯ ಕಾರ್ಯದರ್ಶಿ. ಅವಳು ತಳದ ಅಂಚಿನಲ್ಲಿ ಬಿರುಕುಬಿಟ್ಟ ಡೈರಿಯ ಅಲ್ಯೂಮಿನಿಯಂ ಹಾಲಿನ ಕ್ಯಾನನ್ನೇ ತಂದಿಟ್ಟಳು.

“ನಮ್ಮನೆಯವ್ರೇ ಮಾಡ್ಕೊಡ್ತಾರೆ ಅಂತ ಎಲ್ರಿಗೂ ಹೇಳ್ಬುಟ್ಟಿದೀನಿ ಕಣ್ರೀ.”

“ತೂತು ಬಿದ್ರೆ ಏನ್ಮಾಡ್ತೀಯೇ?”

“ಬಿದ್ರೆ ನಾನು ಡೈರಿಲಿ ಹೆಂಗ್ರೀ ಮುಖ ತೋರಿಸ್ಲಿ?”

ಪಾಪ, ಅವಳಿಗೆ ಮುಖ ಮುಚ್ಚಿಕೊಳ್ಳಲು ಹೆಲ್ಮೆಟ್ ಇರಲಿಲ್ಲ.

ಪರೀಕ್ಷೆಯ ದಿನ ಬಸ್ಸಿನಲ್ಲಿ ಆ ಕ್ಯಾನನ್ನು ಮಂಡಿಯ ನಡುವೆ ಹಿಡಿದುಕೊಂಡೇ ತಿಪಟೂರಿಗೆ ಹೋದೆ. ಈ ವೆಲ್ಡಿಂಗಿನಲ್ಲಿ ಕಾವು ಇರುವುದು ಕಾಲಿನಲ್ಲಿ. ಹೊಲಿಗೆ ಯಂತ್ರಕ್ಕಿರುವಂತೆ ಕೆಳಗೊಂದು ಪೆಡಲು. ಒತ್ತಿದರೆ ಕಾವು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಪಕ್ಕದ ಮೇಜಿನಲ್ಲಿದ್ದ ಹುಳಿಯಾರಿನವರೊಬ್ಬರು ನಮ್ಮ ತಂಡದ ಧೈರ್ಯವಂತರು. ಅವರು ಪೆಡಲನ್ನು ಗಟ್ಟಿಯಾಗಿ ಒತ್ತಿದ್ದೇ ತಡ, ಅವರ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ತೂತು ಬಿತ್ತು. ನನ್ನ ಸರದಿ ಬಂತು, ಹೆಲ್ಮೆಟ್ ಇಳಿಸಿ ಪೆಡಲು ಒತ್ತಿದೆ. ಅಭ್ಯಾಸದಂತೆ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನೊಳಗೆ ಡೈರಿಯ ಮುಂದೆ ತಲೆತಗ್ಗಿಸಿ ನಿಂತ ಗಿರಿಜ ಕಂಡಳು. ಅದಕ್ಕಿಂತ ಬೆಂಕಿಯೇ ವಾಸಿಯೆಂದು ಕಣ್ಣು ಬಿಟ್ಟೆ. ಬಿರುಕಿನ ಮೇಲೆ ನೀರಿನ ಹನಿಯಂತೆ ಪುಟ್ಟದೊಂದು ಹೊಳಪು ಕರಗಿ ನಿಂತಿತ್ತು. ಹೆದರಿ ಕಾಲು ಎತ್ತಿದೆ. ಹನಿ ಗಟ್ಟಿಯಾಯಿತು. ಮತ್ತೆ ಮೆಲ್ಲಗೆ ಒತ್ತಿದೆ, ಮತ್ತೆ ಹೆದರಿದೆ, ಮತ್ತೆ ಎತ್ತಿದೆ. ಹೀಗೆ ನಡುಗುತ್ತ ನಡುಗುತ್ತಲೇ ಬಿರುಕಿನ ಕೊನೆ ತಲುಪಿದೆ.

ಮೇಡಂ ಕ್ಯಾನಿನ ತುಂಬ ನೀರು ತುಂಬಿಸಿ, ಬೆಸುಗೆಯ ಮೇಲೆ ಹೊರಗಿನಿಂದ ಸೀಮೆಸುಣ್ಣದ ಪುಡಿ ಬಳಿದರು. ಸೋರಿದರೆ ಪುಡಿ ಒದ್ದೆಯಾಗುತ್ತದೆ. ಅರ್ಧ ಗಂಟೆಯಲ್ಲಿ ನನ್ನ ಅಂಗಿಯೊಂದೇ ಒದ್ದೆಯಾದದ್ದು. “ಎಲ್ಲಿ ಕಾಲು ಎತ್ತಬೇಕೋ ಸರಿಯಾಗಿ ಅಲ್ಲೇ ಎತ್ತಿದೀರಿ! ಹೆಂಗ್ ಬಂತಣ್ಣಾ?” ಎಂದರು. ಅಭ್ಯಾಸ ಮೇಡಂ ಎಂದೆ. ಸುಳ್ಳೇನಲ್ಲ. ನಲವತ್ತೆರಡು ವರ್ಷದ ಅಭ್ಯಾಸ.

ಮಾರನೆಯ ಸಂಜೆ ಗಿರಿಜ ಡೈರಿಯಿಂದ ಬಂದವಳೇ, “ಒಂದ್ ಹನಿನೂ ಸೋರಿಲ್ಲ ಕಣ್ರೀ! ಎಲ್ರೂ ನಿಮ್ದೇ ಮಾತು” ಎಂದಳು. ನಾನು ಉಬ್ಬಿಹೋದೆ. ಆ ಬೆಂಕಿ ಎಂಥದ್ದು, ನಾನು ಹೇಗೆ ರೆಪ್ಪೆ ಮಿಟುಕಿಸದೆ ನೋಡಿದೆ ಎಂದು ಸ್ವಲ್ಪ ಹೆಚ್ಚಾಗಿಯೇ ಬಣ್ಣಿಸಿದೆ. ಎಷ್ಟೆಂದರೂ ಮೊದಲಿನ ಕೆಲಸ ಬಣ್ಣ ಬಳಿಯುವುದಲ್ಲವೇ. ಅವಳು ಜಗಲಿಯ ಮೇಲೆ ಕಾಲು ಚಾಚಿ, “ಅಂಥಾ ಬೆಂಕಿನೇ ಪಳಗಿಸ್ದೋರು ನೀವು. ಒಸಿ ಒಲೆ ಹಚ್ಚಿ ಟೀ ಮಾಡ್ಕಂಡು ಬನ್ನಿ” ಎಂದಳು.

ಲೈಟರ್ ಹಿಡಿದು ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಇಲ್ಲಿ ಪೆಡಲೂ ಇಲ್ಲ. ಹೊರಗಿನಿಂದ “ಆಯ್ತೇನ್ರೀ?” ಎಂದು ಎರಡು ಸಲ ಕೂಗಿದಳು. ಕೊನೆಗೆ ಚೀಲದಿಂದ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡೆ. ಟೀ ಆಯಿತು. ಗಾಜಿನ ಹಿಂದೆ ಕಣ್ಣು ಬಿಟ್ಟಿದ್ದಿರೋ ಮುಚ್ಚಿದ್ದಿರೋ ಎಂದು ಗಿರಿಜ ಕೇಳಲಿಲ್ಲ. ಸಕ್ಕರೆಯ ಬದಲು ಉಪ್ಪು ಬಿದ್ದಿದ್ದರಿಂದ ಕೇಳುವ ಅಗತ್ಯವೂ ಅವಳಿಗೆ ಇರಲಿಲ್ಲ.