ಬಾಲ್ದಿಯ ಮೂಲ ಮತ್ತು ಬಂಡೆಯ ಮೇಲೆ ತೋಮಚ್ಚ

ಪದಗಳ ಮೂಲ ನನಗೆ ಗೊತ್ತುಂಟು ಎಂಬ ಸುದ್ದಿ ನಮ್ಮೂರಲ್ಲಿ ಹೇಗೆ ಹುಟ್ಟಿತೆಂದು ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತುಂಟು. ಹುಟ್ಟಿಸಿದ್ದು ನಾನೇ.

ಕಡಬದ ಹತ್ತಿರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಷ್ಟ್ರಾಗಿದ್ದೆ. ಡ್ರಾಯಿಂಗ್ ಮಾಷ್ಟ್ರನ್ನು ಯಾರೂ ಎಂತದೂ ಕೇಳುದಿಲ್ಲ. ರಿಟೈರ್ ಆದ ಮೇಲೆ ಒಂದು ದಿನ ಶೀನಪ್ಪನ ಹೋಟೆಲಿನಲ್ಲಿ ಗೋಳಿಬಜೆಗೆ ಆ ಹೆಸರು ಎಲ್ಲಿಂದ ಬಂತೆಂದು ಚರ್ಚೆಯಾಯಿತು. ನಾನು ಬಾಯಿಗೆ ಬಂದದ್ದನ್ನು ಗಂಭೀರವಾಗಿ ಹೇಳಿದೆ. ಹತ್ತು ಜನ ತಲೆಯಾಡಿಸಿದರು. ಶೀನಪ್ಪ ಚಾದ ದುಡ್ಡು ತೆಗೆದುಕೊಳ್ಳಲಿಲ್ಲ. ಅಲ್ಲಿಂದ ನನಗೆ ಅದೊಂದು ಚಟವೇ ಆಗಿಹೋಯಿತು.

ಟೀವಿಯ ಕ್ವಿಜ್ಜಿನಲ್ಲಿ ಪದಗಳ ಮೂಲದ ಸುತ್ತು ಉಂಟೆಂದು ಗೊತ್ತಾದಾಗ ಊರವರೇ ನನ್ನ ಹೆಸರು ಕಳಿಸಿದರು. ಫೋನಿನಲ್ಲಿ ಐದು ಪ್ರಶ್ನೆ ಕೇಳಿದರು, ಅದೃಷ್ಟಕ್ಕೆ ನಾಲ್ಕು ಸರಿಯಾಯಿತು, ಬೆಂಗಳೂರಿಗೆ ಕರೆ ಬಂತು. ಗೆದ್ದರೆ ಯುವಕ ಮಂಡಲದ ಹಾಲ್‌ನಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಮತ್ತು 'ಪದಬ್ರಹ್ಮ' ಎಂಬ ಬಿರುದು ಎಂದು ಶೀನಪ್ಪ ಘೋಷಿಸಿದ. ಸೋತರೆ ಯಾವ ಮುಖ ಹೊತ್ತು ಅವನ ಹೋಟೆಲಿಗೆ ಹೋಗುದು ಎಂಬುದನ್ನು ನಾನು ಯೋಚಿಸಲೇ ಇಲ್ಲ.

ಯೋಚಿಸಿದವಳು ನನ್ನ ಹೆಂಡತಿ ಲೀಲಾವತಿ. ಪಂಚಾಯತು ಲೈಬ್ರರಿಯಿಂದ ದಪ್ಪದ ಪುಸ್ತಕವೊಂದನ್ನು ತಂದು, ಹಲಸಿನ ಬೀಜ ಸುಲಿಯುತ್ತಾ ದಿನಾ ಸಂಜೆ ನನಗೆ ಪಾಠ ಹೇಳಿದಳು. ಚಾವಿ, ಜನೇಲು, ಮೇಸ್ತ್ರಿ, ನೀರು ತುಂಬುವ ಬಾಲ್ದಿ ಎಲ್ಲ ಪೋರ್ಚುಗೀಸರಿಂದ ಬಂದದ್ದು ಎಂದಳು. ಇಷ್ಟು ಸುಲಭದ್ದನ್ನು ಟೀವಿಯವರು ಕೇಳುದಿಲ್ಲ ಎಂದು ನಾನು ಆಕಳಿಸಿದೆ.

ಉತ್ತರ ಗೊತ್ತಾಗದಿದ್ದರೆ ಒಬ್ಬರಿಗೆ ಫೋನ್ ಮಾಡುವ ಅವಕಾಶವಿತ್ತು. ತನ್ನ ನಂಬ್ರವನ್ನೇ ಕೊಡಿ ಎಂದು ಲೀಲಾವತಿ ಹೇಳಿದಳು. ಹೆಂಡತಿಯನ್ನು ಕೇಳಿ ಉತ್ತರ ಹೇಳಿದರೆ ಪದಬ್ರಹ್ಮನ ಮರ್ಯಾದೆ ಎಂತಾಗಬೇಕು? ನಾನು ಪಕ್ಕದ ಮನೆಯ ತೋಮಚ್ಚನ ನಂಬ್ರ ಕೊಟ್ಟೆ. ತೋಮಚ್ಚನ ಅಪ್ಪ ಕೇರಳದಿಂದ ಬಂದು ಇಲ್ಲಿ ರಬ್ಬರು ಹಾಕಿದವರು. ಆಸಾಮಿಗೆ ನಾಲ್ಕು ಭಾಷೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ನಂಬುವ ಮನುಷ್ಯ.

ನಮ್ಮ ತಗ್ಗಿನಲ್ಲಿ ಮೊಬೈಲಿಗೆ ರೇಂಜಿಲ್ಲ. ತೋಮಚ್ಚನ ರಬ್ಬರು ತೋಟದ ತಲೆಯ ಬಂಡೆ ಹತ್ತಿದರೆ ಎರಡು ಕಡ್ಡಿ ಸಿಗುತ್ತದೆ. ಶೂಟಿಂಗಿನ ದಿನ ಹತ್ತರಿಂದ ಐದರೊಳಗೆ ಯಾವಾಗ ಬೇಕಾದರೂ ಕರೆ ಬರಬಹುದು ಎಂದಿದ್ದರು. ತೋಮಚ್ಚ ಒಂಬತ್ತಕ್ಕೇ ಬಿಳಿ ಮುಂಡು ಉಟ್ಟು, ಕೊಡೆ ಹಿಡಿದು ಬಂಡೆ ಹತ್ತಿ ನಿಂತ. ಮಧ್ಯಾಹ್ನದ ಊಟವನ್ನು ಅವನ ಹೆಂಡತಿ ಬಂಡೆಗೇ ಹೊತ್ತು ತಂದಳು. ಮಧ್ಯಾಹ್ನದ ಮೇಲೆ ಸ್ಟುಡಿಯೋದವರು ಒಳಗೆ ಕರೆಯುವ ತನಕ ಇದೆಲ್ಲ ನನಗೆ ಬೆಂಗಳೂರಿಗೆ ಗಳಿಗೆ ಗಳಿಗೆಗೂ ವರದಿಯಾಗುತ್ತಿತ್ತು.

ಸ್ಟುಡಿಯೋದಲ್ಲಿ ಮುಖಕ್ಕೆ ಪೌಡರು ಬಳಿದು ಕೂರಿಸಿದರು. ಫೋನನ್ನು ಗೇಟಿನಲ್ಲೇ ತೆಗೆದಿಟ್ಟರು. ಮೊದಲ ಸುತ್ತು ದಾಟಿದೆ, ಎರಡನೆಯದೂ ದಾಟಿದೆ. ಕೊನೆಯ ಪ್ರಶ್ನೆ ಪರದೆಯ ಮೇಲೆ ಬಂತು. ಬಾಲ್ದಿ ಎಂಬ ಪದ ಯಾವ ಭಾಷೆಯಿಂದ ಬಂತು? ಸಂಸ್ಕೃತ, ಅರಬ್ಬಿ, ಪೋರ್ಚುಗೀಸ್, ಪಾರ್ಸಿ.

ಹಲಸಿನ ಬೀಜದ ವಾಸನೆ ಮೂಗಿಗೆ ಬಂದಂತಾಯಿತು. ಪೋರ್ಚುಗೀಸ್! ಬಾಯಿ ತೆರೆದವನು ಮುಚ್ಚಿದೆ. ಇದು ಕೊನೆಯ ಪ್ರಶ್ನೆ. ಈಗ ಉತ್ತರ ಹೇಳಿಬಿಟ್ಟರೆ ತೋಮಚ್ಚನ ಗತಿ? ಬೆಳಗ್ಗಿನಿಂದ ಬಂಡೆಯ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಅವನ ಸ್ವರ ಟೀವಿಯಲ್ಲಿ ಬಾರದ ಹಾಗೆ ಮಾಡುದು ಯಾವ ನ್ಯಾಯ? ನಮ್ಮ ಕಡೆಯವರಿಗೆ ಈ ದಾಕ್ಷಿಣ್ಯ ಎಂಬುದು ದೊಡ್ಡ ರೋಗ. ಫೋನ್ ಹಚ್ಚಿ ಎಂದೆ.

ತೋಮಚ್ಚ ಒಂದೇ ರಿಂಗಿಗೆ ಎತ್ತಿದ. ಪ್ರಶ್ನೆಯನ್ನು ಕೇಳಿಸಿಕೊಂಡ. ನಕ್ಕ.

"ಅರಬ್ಬಿ, ಮಾಷ್ಟ್ರೆ. ಒಂಟೆಗೆ ನೀರು ಕುಡಿಸುವ ಪಾತ್ರೆ ಅದು. ನೂರಕ್ಕೆ ನೂರು."

ಅಷ್ಟು ಗಟ್ಟಿಯಾಗಿ ಹೇಳಿದರೆ ಯಾರಾದರೂ ನಂಬಬೇಕು. ಒಂಟೆಯ ಕತೆ ಎಲ್ಲೋ ಕೇಳಿದ ಹಾಗೂ ಆಯಿತು. ಅದೂ ಅಲ್ಲದೆ, ಅವನನ್ನು ಕೇಳಿ, ಅವನು ಹೇಳಿದ್ದನ್ನು ಬಿಟ್ಟು ಬೇರೆ ಹೇಳಿದರೆ ಇಡೀ ರಾಜ್ಯದ ಎದುರು ಅವನ ಮರ್ಯಾದೆ ತೆಗೆದ ಹಾಗೆ. ಎರಡನೆಯ ಸಲ ದಾಕ್ಷಿಣ್ಯಕ್ಕೆ ಬಿದ್ದೆ. ಅರಬ್ಬಿ ಎಂದೆ. ಕೆಂಪು ದೀಪ ಹತ್ತಿತು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ನೆನಪಾಯಿತು. ಆರು ವರ್ಷದ ಹಿಂದೆ ತೋಮಚ್ಚ ಬಾಲ್ದಿಯಲ್ಲಿ ರಬ್ಬರು ಹಾಲು ಹೊತ್ತು ಬರುತ್ತಿದ್ದವನು, ಇದಕ್ಕೆ ಬಾಲ್ದಿ ಅಂತ ಯಾಕೆ ಹೇಳುದು ಮಾಷ್ಟ್ರೆ ಎಂದು ಕೇಳಿದ್ದ. ಅವನ ತಮ್ಮ ಆಗಷ್ಟೇ ಗಲ್ಫಿಗೆ ಹೋಗಿದ್ದ. ಖುಷಿಯಾಗಲಿ ಎಂದು ನಾನೇ ಅರಬರನ್ನೂ ಒಂಟೆಯನ್ನೂ ಸೇರಿಸಿ ಕಟ್ಟಿಕೊಟ್ಟಿದ್ದೆ. ನಾನು ಬಿಟ್ಟ ಬುರುಡೆ ಬೆಂಗಳೂರಿನ ತನಕ ಬಂದು ನನ್ನನ್ನೇ ಹುಡುಕಿ ಹೊಡೆದಿತ್ತು.

ಪ್ರಸಾರವಾಗುವವರೆಗೆ ಫಲಿತಾಂಶ ಹೇಳಬಾರದೆಂದು ಟೀವಿಯವರು ಸಹಿ ಹಾಕಿಸಿಕೊಂಡಿದ್ದರು. ನಾನು ಬಾಯಿ ಮುಚ್ಚಿ ಕೂತೆ. ಇಷ್ಟು ಮಾತಾಡುವವರು ಸುಮ್ಮನಿದ್ದಾರೆಂದರೆ ಗೆದ್ದದ್ದೇ ಎಂದು ಊರವರು ತೀರ್ಮಾನಿಸಿದರು. ಪ್ರಸಾರದ ಸಂಜೆ ಯುವಕ ಮಂಡಲದ ಹಾಲ್‌ನಲ್ಲಿ ದೊಡ್ಡ ಟೀವಿ, ಮೇಜಿನ ಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಹೊಟ್ಟೆನೋವು ಎಂದೆ. ಲೀಲಾವತಿ ಓಮದ ನೀರು ಕುಡಿಸಿ ಕರೆದುಕೊಂಡು ಹೋದಳು.

ಟೀವಿಯಲ್ಲಿ ಕೆಂಪು ದೀಪ ಹತ್ತಿತು. ಆಮೇಲೆ ಎಲ್ಲರೂ ತೋಮಚ್ಚನ ಕಡೆ ತಿರುಗಿದರು. ಗೆಲ್ಲುತ್ತಿದ್ದ ಮಾಷ್ಟ್ರನ್ನು ಹಾಳುಮಾಡಿದೆಯಲ್ಲ, ಈ ಒಂಟೆಯ ಕತೆ ನಿನಗೆ ಯಾವನು ಹೇಳಿದ್ದು ಎಂದು ಶೀನಪ್ಪ ಹಾರಾಡಿದ.

ತೋಮಚ್ಚ ನನ್ನ ಮುಖ ನೋಡಿದ. ಅವನಿಗೆ ಚೆನ್ನಾಗಿ ನೆನಪಿತ್ತು. ತಲೆ ತಗ್ಗಿಸಿ, "ಯಾರೋ ಬಸ್ಸಿನಲ್ಲಿ ಸಿಕ್ಕಿದವರು" ಎಂದ.

ಅಲ್ಲಿಗೆ ನಾನು ಪಾರಾಗಿದ್ದೆ. ಸುಮ್ಮನೆ ಕೂತರೆ ಸಾಕಿತ್ತು, ಶಾಲೂ ಸಿಗುತ್ತಿತ್ತೋ ಏನೋ. ಆದರೆ ಇಡೀ ದಿನ ಬಂಡೆಯ ಮೇಲೆ ನಿಂತವನು ನನಗೋಸ್ಕರ ಬೈಗುಳ ತಿನ್ನುವುದನ್ನು ನೋಡಿ ಹೊಟ್ಟೆ ನಿಜವಾಗಿಯೂ ನೋಯಲು ಶುರುವಾಯಿತು. ನಾಚಿಕೆಯಾಯಿತು ಮಾರಾಯ್ರೆ. ಎದ್ದು ನಿಂತೆ.

"ಬಸ್ಸಿನವರಲ್ಲ. ನಾನು ಹೇಳಿದ್ದು. ಗೋಳಿಬಜೆಯದ್ದೂ ಸುಳ್ಳು."

ಶೀನಪ್ಪನಿಗೆ ಬಾಲ್ದಿಗಿಂತ ಗೋಳಿಬಜೆಯದ್ದೇ ಹೆಚ್ಚು ಬೇಸರವಾದದ್ದು. ಆರು ವರ್ಷದಿಂದ ಅವನು ಅದನ್ನು ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರಿಗೆಲ್ಲ ಹೇಳುತ್ತಿದ್ದನಂತೆ. ಆಮೇಲೆ ಯಾರೋ ನಕ್ಕರು, ಎಲ್ಲರೂ ನಕ್ಕರು. ಶಾಲನ್ನು ನನ್ನ ಕೈಯಿಂದಲೇ ತೋಮಚ್ಚನಿಗೆ ಹೊದೆಸಿದರು. ಹಣ್ಣಿನ ಬುಟ್ಟಿ ಲೀಲಾವತಿಗೆ ಹೋಯಿತು. ಪೇಟ ಬಾಡಿಗೆಯದ್ದು, ಹಾಗಾಗಿ ವಾಪಸು ಹೋಯಿತು.

ಈಗ ಹೋಟೆಲಿನಲ್ಲಿ ಪದಗಳ ಸಂಶಯ ಬಂದರೆ ಜನ ನಮ್ಮ ಮನೆಗೆ ಬಂದು ಲೀಲಾವತಿಯನ್ನು ಕೇಳುತ್ತಾರೆ. ಬೆಲ್ಲ ನೀರು ತಂದುಕೊಡುವ ಕೆಲಸ ನನ್ನದು. ಮೊನ್ನೆ ಅವಳು ಐವರ್ನಾಡಿನ ತವರಿಗೆ ಹೋಗಿದ್ದಾಗ ಒಬ್ಬರು ಬಂದು, ಪಂಡಿತ ಎಂಬ ಪದ ಎಲ್ಲಿಂದ ಬಂತು ಮಾಷ್ಟ್ರೆ ಎಂದು ಕೇಳಿದರು. ಕತೆಯೊಂದು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಗೊತ್ತಿಲ್ಲ ಎಂದೆ. ಇಷ್ಟು ವರ್ಷಗಳಲ್ಲಿ ಊರವರಿಗೆ ನಾನು ಕೊಟ್ಟ ಮೊದಲ ಸರಿಯುತ್ತರ ಅದು.